ಐದು ವರ್ಷದ ಮಗಳನ್ನು ಮೋವಾನಾ 2ಕ್ಕೆ ಕರೆದುಕೊಂಡು ಹೋಗಬಹುದಾ? ಹೋಗಿ ಬಂದವರು ಹೇಳಿ

ಕೇಳಿದವರು: ಇಬ್ಬರು ಹೆಣ್ಣುಮಕ್ಕಳ ತಾಯಿ

ಎಲ್ಲರಿಗೂ ನಮಸ್ಕಾರ. ಬರುವ ಭಾನುವಾರ ಮಕ್ಕಳನ್ನು ಡಿಸ್ನಿಯ ಅನಿಮೇಷನ್ ಸಿನಿಮಾ ಮೋವಾನಾ 2ಕ್ಕೆ ಕರೆದುಕೊಂಡು ಹೋಗೋಣ ಅಂತಿದ್ದೇವೆ. ದೊಡ್ಡವಳಿಗೆ ಹತ್ತು, ಚಿಕ್ಕವಳಿಗೆ ಐದು. ದೊಡ್ಡವಳಿಗೆ ಮೊದಲ ಭಾಗ ಬಾಯಿಪಾಠ. ಚಿಕ್ಕವಳು ಮನೆಯ ಟಿವಿಯಲ್ಲಿ ಅರ್ಧಂಬರ್ಧ ನೋಡಿದ್ದಾಳೆ. ಬೆಂಕಿಯ ರಾಕ್ಷಸಿ ಟೆಕಾ ಕಾಣಿಸಿಕೊಂಡ ತಕ್ಷಣ ಎದ್ದು ಅಡುಗೆಮನೆಗೆ ಓಡಿ ಬರುತ್ತಾಳೆ. ಪ್ರತಿ ಸಲವೂ ಹಾಗೇ. ಅವಳು ಇದುವರೆಗೆ ಥಿಯೇಟರ್ ಒಳಗೆ ಕಾಲಿಟ್ಟಿಲ್ಲ.

ನನ್ನ ಚಿಂತೆ ಇಷ್ಟು. ಅವಳಿಗೆ ಕಥೆ ಅರ್ಥವಾಗುತ್ತಾ? ಹೆದರಿಕೊಂಡರೆ ಏನು ಮಾಡುವುದು? 3ಡಿ ಟಿಕೆಟ್ ತಗೊಳ್ಳಲಾ, ಬೇಡವಾ? ಅವಳಿಗೋಸ್ಕರ ಮಧ್ಯದಲ್ಲಿ ಎದ್ದು ಬಂದರೆ ದೊಡ್ಡವಳ ಮನಸ್ಸು ಮುರಿಯುತ್ತೆ. ತಿಂಗಳಿಂದ ದಿನ ಎಣಿಸುತ್ತಿದ್ದಾಳೆ. ಕಥೆ ಮೊದಲೇ ಗೊತ್ತಾದರೆ ನನಗೇನೂ ಬೇಜಾರಿಲ್ಲ, ದಯವಿಟ್ಟು ಪೂರ್ತಿ ಹೇಳಿ.

ಉತ್ತರ: ಆರು ವರ್ಷದ ಮಗನ ತಾಯಿ

ಅಕ್ಕ, ನಾವು ಹೋದ ವಾರ ನೋಡಿ ಬಂದೆವು. ಕಥೆ ಹೇಳಿ ಅಂದಿದ್ದೀರಿ, ಹಾಗಾಗಿ ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಕಥೆ ಗೊತ್ತಾಗಬಾರದು ಅನ್ನುವವರು ಇದನ್ನು ಬಿಟ್ಟು ಮುಂದಕ್ಕೆ ಹೋಗಿ.

ಸಿನಿಮಾ 100 ನಿಮಿಷ. ಮೊದಲ ಭಾಗಕ್ಕಿಂತ ಸ್ವಲ್ಪ ಚಿಕ್ಕದೇ. ಆದರೆ ಅದಕ್ಕೂ ಮೊದಲು ಜಾಹೀರಾತು, ಟ್ರೇಲರ್ ಎಲ್ಲ ಇರುತ್ತೆ. ಮಗುವಿನ ಲೆಕ್ಕದಲ್ಲಿ ಎರಡು ಗಂಟೆ ಅಂತಲೇ ಇಟ್ಟುಕೊಳ್ಳಿ. ನನ್ನ ಮಗ ನಿಜವಾಗಿ ಬೆಚ್ಚಿಬಿದ್ದದ್ದು ಸಿನಿಮಾ ನೋಡಿ ಅಲ್ಲ, ಶುರುವಿನ ಒಂದು ಟ್ರೇಲರ್ ನೋಡಿ! ಮುಂದಿನ ಸಲ ದೀಪ ಆರುವ ಹೊತ್ತಿಗೆ ಸರಿಯಾಗಿ ಒಳಗೆ ಹೋಗೋಣ ಅಂದುಕೊಂಡಿದ್ದೇನೆ.

ಕಥೆ ಮೊದಲ ಭಾಗ ಮುಗಿದು ಮೂರು ವರ್ಷದ ನಂತರ ನಡೆಯುತ್ತೆ. ಮೋವಾನಾಗೆ ಈಗ ಸಿಮೇಯಾ ಅಂತ ಪುಟ್ಟ ತಂಗಿ ಇದ್ದಾಳೆ. ಮೋವಾನಾ ದೂರದ ಮೋಟುಫೆಟು ದ್ವೀಪ ಹುಡುಕಿಕೊಂಡು ಹೋಗಬೇಕು. ಅಕ್ಕ ಹೊರಟು ನಿಲ್ಲುವುದನ್ನು ತಂಗಿಗೆ ಸಹಿಸೋಕಾಗಲ್ಲ. ನಿಮ್ಮ ಮನೆಯಲ್ಲೂ ಅಕ್ಕ ತಂಗಿ ಇದ್ದಾರಲ್ಲ, ಆ ಬೀಳ್ಕೊಡುವ ದೃಶ್ಯ ರಾಕ್ಷಸರಿಗಿಂತ ಜಾಸ್ತಿ ನಾಟಬಹುದು. ಮೊದಲೇ ಹೇಳಿಟ್ಟಿರಿ: ಅಕ್ಕ ಹೋಗ್ತಾಳೆ, ವಾಪಸ್ ಬರ್ತಾಳೆ.

ಹೆದರಿಕೆಯ ವಿಷಯಕ್ಕೆ ಬಂದರೆ, ಬಿರುಗಾಳಿ ಮತ್ತು ಸಿಡಿಲು ಜಾಸ್ತಿ. ಇದರಲ್ಲಿ ಕೇಡು ಬಯಸುವವನು ನಾಲೋ ಅನ್ನೋ ಬಿರುಗಾಳಿಯ ದೇವರು. ಮುಖ್ಯ ಕಥೆಯಲ್ಲಿ ಅವನ ಮುಖ ಕಾಣಲ್ಲ, ಬರೀ ಮೋಡ, ಗಾಳಿ, ಮಿಂಚು. ಸಣ್ಣ ಮಕ್ಕಳಿಗೆ ಇದು ಒಂದು ರೀತಿ ಒಳ್ಳೆಯದೇ. ಕಣ್ಣು ಮುಚ್ಚಿದರೂ ಎದುರಿಗೆ ಬರುವಂಥ ಮುಖ ಇಲ್ಲ. ಆದರೆ ಸದ್ದು ಮಾತ್ರ ಜೋರು. ದೋಣಿ ಸಮೇತ ಎಲ್ಲರನ್ನೂ ನುಂಗುವ ದೈತ್ಯ ಕಪ್ಪೆಚಿಪ್ಪೊಂದು ಬರುತ್ತೆ. ಅದರೊಳಗೆ ಕತ್ತಲು, ಲೋಳೆ, ಬಾವಲಿಗಳು, ಬಾವಲಿಗಳ ಜೊತೆ ಇರುವ ಮಾತಂಗಿ ಅನ್ನೋಳು. ನೋಡಿದ ತಕ್ಷಣ ಇವಳೇ ಕೆಟ್ಟವಳು ಅನ್ನಿಸುತ್ತೆ. ಆಮೇಲೆ ಅವಳೇ ದಾರಿ ತೋರಿಸುತ್ತಾಳೆ. ಮಗ ಆ ಹೊತ್ತಿನಲ್ಲಿ ನನ್ನ ತೊಡೆಗೆ ಬಂದ. ಅವಳು ಹಾಡು ಶುರು ಮಾಡಿದ ಮೇಲೆ ತಾನೇ ಇಳಿದು ತನ್ನ ಸೀಟಿಗೆ ಹೋದ.

ಇನ್ನೊಂದು ದೃಶ್ಯ ನೀವು ತಿಳಿದಿರಲೇಬೇಕು. ಕೊನೆಯ ಹತ್ತಿರ ಮೋವಾನಾಗೆ ಸಿಡಿಲು ಬಡಿಯುತ್ತೆ. ನೀರಿನಡಿ ಅವಳ ಉಸಿರು ನಿಲ್ಲುತ್ತೆ. ಅವಳ ಜೊತೆಗಾರ, ಅರೆದೇವ ಮಾವಿ ಅವಳನ್ನು ಹಿಡಿದುಕೊಂಡು ಕೂರುತ್ತಾನೆ. ಪೂರ್ವಿಕರು ಬಂದು ಅವಳನ್ನು ಬದುಕಿಸುತ್ತಾರೆ, ಅಜ್ಜಿಯೂ ಬರುತ್ತಾಳೆ. ದೃಶ್ಯ ದೊಡ್ಡದಲ್ಲ, ಆದರೆ ಹಾಲ್ ಪೂರ್ತಿ ಸ್ತಬ್ಧ ಆಗುತ್ತೆ. ಹಿಂದಿನ ಸಾಲಿನಲ್ಲೊಂದು ಮಗು 'ಸತ್ತೋದ್ಲಾ?' ಅಂತ ಕೇಳಿದ್ದು ಎಲ್ಲರಿಗೂ ಕೇಳಿಸಿತು. ನಾನು ಮಗನ ಕಿವಿಯಲ್ಲಿ 'ಈಗ ಅಜ್ಜಿ ಬರ್ತಾಳೆ ನೋಡು' ಅಂದೆ. ಅಜ್ಜಿ ಬಂದಳು. ಆ ಒಂದು ಮಾತು ಮೊದಲೇ ಗೊತ್ತಿದ್ದರಿಂದ ನನಗೂ ಧೈರ್ಯ ಇತ್ತು.

ಖುಷಿ ಕೊಡುವುದೂ ಬೇಕಾದಷ್ಟಿದೆ. ಮೊದಲ ಭಾಗದಲ್ಲಿ ದಡದಲ್ಲೇ ಉಳಿದಿದ್ದ ಹಂದಿಮರಿ ಪುವಾ ಈ ಸಲ ದೋಣಿಯಲ್ಲಿದ್ದಾನೆ. ಹೇಹೇ ಕೋಳಿಯೂ ಇದೆ. ಮೊದಲ ಭಾಗದಲ್ಲಿ ದಾಳಿ ಮಾಡಿದ್ದ, ತೆಂಗಿನಕಾಯಿ ಕವಚ ತೊಟ್ಟ ಪುಟ್ಟ ಕಾಕಮೋರಾಗಳೂ ಬರುತ್ತವೆ, ಈ ಸಲ ಸಹಾಯಕ್ಕೆ ನಿಲ್ಲುತ್ತವೆ. ಹಾಡುಗಳು ಹೆಚ್ಚಿನವು ಹೊಸವು. ಮೊದಲ ಭಾಗಕ್ಕೆ ಹಾಡು ಬರೆದ ಲಿನ್-ಮಾನ್ಯುಯಲ್ ಮಿರಾಂಡಾ ಇದರಲ್ಲಿಲ್ಲ, ಅಬಿಗೇಲ್ ಬಾರ್ಲೋ ಮತ್ತು ಎಮಿಲಿ ಬೇರ್ ಬರೆದಿದ್ದಾರೆ. ನಿಮ್ಮ ದೊಡ್ಡವಳು ಹಳೆ ಹಾಡುಗಳನ್ನೇ ಕಾಯುತ್ತಾ ಕುಳಿತರೆ ಸ್ವಲ್ಪ ನಿರಾಸೆ ಆಗಬಹುದು. ಹೊಸ ಹಾಡುಗಳನ್ನು ಈಗಲೇ ಎರಡು ಸಲ ಕೇಳಿಸಿಬಿಡಿ.

ಇದು ಮೊದಲು ಟಿವಿ ಸರಣಿ ಅಂತ ಶುರುವಾದದ್ದು. ಸಿನಿಮಾ ಮಾಡುತ್ತೇವೆ ಅಂತ ಹೇಳಿದ್ದು 2024ರ ಫೆಬ್ರವರಿಯಲ್ಲಿ, ಬಿಡುಗಡೆ ಅದೇ ವರ್ಷದ ನವೆಂಬರ್‌ನಲ್ಲಿ. ಅದಕ್ಕೋ ಏನೋ ಕಥೆ ಒಂದೊಂದು ಕಂತಿನ ಹಾಗೆ ಸಾಗುತ್ತೆ. ಒಂದು ಗಂಡಾಂತರ ಮುಗಿಯುತ್ತೆ, ದೋಣಿಯಲ್ಲಿ ಮಾತು, ಮತ್ತೊಂದು ಗಂಡಾಂತರ. ದೊಡ್ಡವಳಾಗಿ ನನಗೆ ಮೊದಲ ಭಾಗದಷ್ಟು ಬಿಗಿ ಅನ್ನಿಸಲಿಲ್ಲ. ಆದರೆ ಮಗುವನ್ನು ಬಾತ್‌ರೂಮಿಗೆ ಕರೆದುಕೊಂಡು ಹೋಗೋಕೆ ಆ ದೋಣಿಯ ಮಾತುಗಳ ಹೊತ್ತು ತುಂಬಾ ಅನುಕೂಲ ಆಯಿತು.

ಕೊನೆಯಲ್ಲಿ ಹೆಸರುಗಳು ಬರೋಕೆ ಶುರುವಾದ ತಕ್ಷಣ ಏಳಬೇಡಿ, ನಡುವೆ ಒಂದು ದೃಶ್ಯ ಇದೆ. ನಾಲೋ ಮುಖ ಕಾಣುವುದು ಅಲ್ಲೇ. ಚಿಕ್ಕವಳು ಸುಸ್ತಾಗಿದ್ದರೆ ಅವಳನ್ನು ಹೊರಗೆ ಕರೆದುಕೊಂಡು ಹೋಗಿ, ದೊಡ್ಡವಳು ಕೂತು ನೋಡಲಿ.

ಉತ್ತರ: ಹಿಂದೆ ಪ್ರೊಜೆಕ್ಟರ್ ರೂಮಿನಲ್ಲಿ ಕೆಲಸ ಮಾಡಿದವರು

3ಡಿ ಬಗ್ಗೆ ಕೇಳಿದ್ದೀರಿ. ಐದು ವರ್ಷದ ಮಗುವಿನ ಮೊದಲ ಸಿನಿಮಾ ಅಂದರೆ 2ಡಿಗೇ ಹೋಗಿ. ಇದು ನನ್ನ ಗಟ್ಟಿ ಅಭಿಪ್ರಾಯ, ಕಾರಣ ಹೇಳುತ್ತೇನೆ.

3ಡಿಯಲ್ಲಿ ಬಲಗಣ್ಣಿಗೆ ಒಂದು ಚಿತ್ರ, ಎಡಗಣ್ಣಿಗೆ ಇನ್ನೊಂದು. ಎರಡನ್ನೂ ಬೇರೆ ಮಾಡಿ ತೋರಿಸುವುದು ಪ್ರೊಜೆಕ್ಟರ್ ಮುಂದಿನ ಫಿಲ್ಟರ್ ಮತ್ತು ನಿಮ್ಮ ಕನ್ನಡಕ. ಇವೆರಡೂ ಬೆಳಕನ್ನು ತಿನ್ನುತ್ತವೆ. 2ಡಿಯಲ್ಲಿ ಪರದೆಯ ಬೆಳಕು 14 ಫುಟ್‌ಲ್ಯಾಂಬರ್ಟ್ (ಪರದೆಯ ಬೆಳಕು ಅಳೆಯುವ ಮಾನ) ಇರಬೇಕು ಅನ್ನುವುದು ರೂಢಿಯ ಅಳತೆ. 3ಡಿಯಲ್ಲಿ ಕಣ್ಣಿಗೆ ಬರುವುದು ಎಷ್ಟೋ ಕಡೆ ಅದರ ಮೂರನೇ ಒಂದು ಪಾಲು. ಅಂದರೆ ಚಿಪ್ಪಿನ ಹೊಟ್ಟೆಯೊಳಗಿನ ಕತ್ತಲು ಇನ್ನೂ ಕತ್ತಲಾಗಿ ಕಾಣುತ್ತೆ. ಹೆದರುವ ಮಗುವಿಗೆ ಇದು ಬೇಕಾ?

ಎರಡನೆಯದು ಕನ್ನಡಕದ ಅಳತೆ. ದೊಡ್ಡವರ ಕನ್ನಡಕ ಕೊಟ್ಟರೆ ಮಗುವಿನ ಮೂಗಿನ ಮೇಲೆ ನಿಲ್ಲಲ್ಲ. ಎರಡು ಗಂಟೆ ಕೈಯಲ್ಲಿ ಹಿಡಿದುಕೊಂಡೇ ಕೂರಬೇಕು. ತೆಗೆದರೆ ಪರದೆ ಮೇಲೆ ಎಲ್ಲ ಎರಡೆರಡು. ಮತ್ತೆ, ಸಣ್ಣ ಮಕ್ಕಳು ನೆಟ್ಟಗೆ ಕೂರಲ್ಲ ಅಲ್ವಾ? ಅಮ್ಮನ ಭುಜಕ್ಕೆ ಒರಗುತ್ತಾರೆ. ತಲೆ ವಾಲಿಸಿದರೆ ಎರಡು ಚಿತ್ರ ಸರಿಯಾಗಿ ಕೂಡಲ್ಲ, ಕಣ್ಣು ನೋಯುತ್ತೆ, ತಲೆ ಸುತ್ತುತ್ತೆ. ಎಷ್ಟೋ ತಂದೆ ತಾಯಿ ಮಗುವಿಗೆ ಸಿನಿಮಾನೇ ಆಗಿಬರಲ್ಲ ಅಂದುಕೊಂಡು ಎದ್ದು ಹೋಗುವುದನ್ನು ನೋಡಿದ್ದೇನೆ. ಮಗುವಿಗೆ ಆಗದೇ ಇದ್ದದ್ದು ಕನ್ನಡಕ.

ಸದ್ದಿನ ವಿಷಯ. ಥಿಯೇಟರ್ ಧ್ವನಿಯನ್ನು ಹೊಂದಿಸುವಾಗ ಪರದೆ ಹಿಂದಿನ ಒಂದೊಂದು ಸ್ಪೀಕರ್‌ಗೂ 85 ಡೆಸಿಬಲ್ ಅನ್ನುವ ಅಳತೆ ಇಟ್ಟುಕೊಳ್ಳುತ್ತಾರೆ. ಸಿಡಿಲು, ಸ್ಫೋಟ ಬಂದಾಗ ಅಂಥ ಒಂದು ಸ್ಪೀಕರ್ 105ರವರೆಗೂ ಹೋಗಬಲ್ಲದು. ಎಲ್ಲ ಕಡೆ ಅಷ್ಟು ಜೋರಾಗಿ ಹಾಕಲ್ಲ, ಆದರೂ ಮನೆಯ ಟಿವಿ ಸದ್ದು ಮಾತ್ರ ಕೇಳಿರುವ ಮಗುವಿಗೆ ಜಾಸ್ತಿಯೇ. ಮಕ್ಕಳ ಅಳತೆಯ ಇಯರ್‌ಮಫ್ ಸಿಗುತ್ತವೆ. ಹಾಕಿಕೊಂಡರೆ ಎಲ್ಲ ಸದ್ದೂ ತಗ್ಗುತ್ತೆ, ಆದರೂ ಥಿಯೇಟರ್‌ನಲ್ಲಿ ಮಾತು ಕೇಳಿಸುತ್ತೆ. ಮನೆಯಲ್ಲೇ ಎರಡು ದಿನ ಹಾಕಿಕೊಂಡು ಆಡಲಿ, ಹೊಸದು ಅನ್ನಿಸಬಾರದು. ಕೆಲವು ಕಡೆ ದೀಪ ಪೂರ್ತಿ ಆರಿಸದೆ, ಸದ್ದು ತಗ್ಗಿಸಿ ಹಾಕುವ ಶೋಗಳೂ ಇರುತ್ತವೆ. ನಿಮ್ಮ ಹತ್ತಿರ ಇದ್ದರೆ ಅದಕ್ಕಿಂತ ಒಳ್ಳೆಯದಿಲ್ಲ.

ಸೀಟು: ಪರದೆಯಿಂದ ಹಿಂದಕ್ಕೆ ಮೂರನೇ ಎರಡು ಭಾಗ ಬಂದರೆ ಅದೇ ಹದವಾದ ಜಾಗ. ನಾವು ಧ್ವನಿ ಹೊಂದಿಸುವಾಗ ಮೈಕ್ ಇಡುತ್ತಿದ್ದದ್ದೂ ಸುಮಾರು ಅಲ್ಲೇ. ಗೋಡೆಗೆ ತಾಗಿದ ಸೀಟು ಬೇಡ, ಪಕ್ಕದ ಸ್ಪೀಕರ್ ನೇರ ಕಿವಿಗೇ ಹೊಡೆಯುತ್ತೆ. ಕೊನೆಯ ಸಾಲೂ ಬೇಡ, ಹಿಂದಿನ ಸ್ಪೀಕರ್ ತಲೆ ಮೇಲೇ ಇರುತ್ತೆ. ಮಧ್ಯದ ಸೀಟುಗಳ ಗುಂಪಿನಲ್ಲಿ ನಡೆದಾಡುವ ದಾರಿ ಪಕ್ಕದ್ದು ತಗೊಳ್ಳಿ.

ಉತ್ತರ: ಇಬ್ಬರು ಗಂಡುಮಕ್ಕಳ ತಂದೆ

ಚಿಕ್ಕದಾಗಿ ಒಂದು ಮಾತು. ಮನೆಯಲ್ಲಿ ಯಾರಿಗಾದರೂ ಫಿಟ್ಸ್ ಇದ್ದರೆ ಸಿಡಿಲು ಮಿಂಚಿನ ದೃಶ್ಯಗಳ ಬಗ್ಗೆ ಮೊದಲೇ ವಿಚಾರಿಸಿ, ವೈದ್ಯರನ್ನೂ ಕೇಳಿ. ನನ್ನ ಚಿಕ್ಕವನಿಗೆ ಆ ತೊಂದರೆ ಇದೆ. 2018ರಲ್ಲಿ ಇನ್‌ಕ್ರೆಡಿಬಲ್ಸ್ 2 ಬಂದಾಗ, ಪಟಪಟ ಮಿನುಗುವ ಬೆಳಕಿನ ದೃಶ್ಯಗಳಿವೆ ಅಂತ ಥಿಯೇಟರ್‌ಗಳಲ್ಲಿ ಎಚ್ಚರಿಕೆ ಹಾಕಿಸಿದ್ದರು. ಬಾಗಿಲಲ್ಲಿ ಆ ಚೀಟಿ ನೋಡಿ ನಾವು ಹಾಗೇ ವಾಪಸ್ ಬಂದೆವು. ಅವನು ಅತ್ತ, ನನಗೂ ಸಂಕಟ ಆಯಿತು. ಆದರೆ ಇವತ್ತಿಗೂ ಆ ಚೀಟಿ ಅಂಟಿಸಿದವರನ್ನು ನೆನೆಯುತ್ತೇನೆ. ಅನಿಮೇಷನ್ ಅಂದರೆ ಮಕ್ಕಳದ್ದು, ಏನೂ ಆಗಲ್ಲ ಅಂತ ಸುಮ್ನೆ ನುಗ್ಗಬೇಡಿ.

ಉತ್ತರ: ಈಗ ಕಾಲೇಜಿಗೆ ಹೋಗುವ ಮಗನ ತಾಯಿ

ನನ್ನದು ಹಳೆಯ ಅನುಭವ, 2014ರದ್ದು. ಹೌ ಟು ಟ್ರೇನ್ ಯುವರ್ ಡ್ರಾಗನ್‌ನ ಎರಡನೇ ಭಾಗ. ಮಗನಿಗೆ ಆಗ ಆರು ವರ್ಷ. ಮೊದಲ ಭಾಗ ನೋಡಿ ನೋಡಿ ಆ ಕಪ್ಪು ಡ್ರಾಗನ್ ಅಂದರೆ ಅವನಿಗೆ ಮನೆಯ ಸಾಕುಪ್ರಾಣಿ ಇದ್ದ ಹಾಗೆ. ನಾನು ಏನನ್ನೂ ವಿಚಾರಿಸದೆ ಕರೆದುಕೊಂಡು ಹೋದೆ. ಮೊದಲ ಭಾಗ ಗೊತ್ತಲ್ಲ, ಇದೂ ಹಾಗೇ ಇರುತ್ತೆ ಅಂತ.

ಎರಡನೇ ಭಾಗದಲ್ಲಿ, ಆ ಡ್ರಾಗನ್‌ನ ಗೆಳೆಯನಾದ ಹುಡುಗನ ಅಪ್ಪ ಸಾಯುತ್ತಾನೆ. ಅದೂ ಆ ಪ್ರೀತಿಯ ಡ್ರಾಗನ್‌ನಿಂದಲೇ. ಬೇರೆಯವರ ವಶದಲ್ಲಿದ್ದು, ತನಗೇ ಗೊತ್ತಿಲ್ಲದೆ ಅದು ಹಾಗೆ ಮಾಡುತ್ತೆ. ನನಗೆ ಗಂಟಲು ಕಟ್ಟಿತು. ಮಗನ ಕಡೆ ತಿರುಗಿದೆ. ಅವನು ಪರದೆ ನೋಡುತ್ತಿರಲಿಲ್ಲ. ಕನ್ನಡಕವನ್ನು ಹಣೆಗೆ ಏರಿಸಿಕೊಂಡು ನನ್ನ ಮುಖ ನೋಡುತ್ತಿದ್ದ. ಅಮ್ಮ ಅಳ್ತಾಳಾ, ಇದು ಅಷ್ಟು ಕೆಟ್ಟದ್ದಾ ಅಂತ ನನ್ನ ಮುಖದಲ್ಲಿ ಹುಡುಕುತ್ತಿದ್ದ.

ಆ ಕ್ಷಣ ನಾನು ಅವನ ಕಣ್ಣು ಮುಚ್ಚಿದೆ. ಅದು ತಪ್ಪಾಯಿತು. ಕಣ್ಣು ಮುಚ್ಚಿದರೂ ಅಳುವ ಸದ್ದು, ಆ ಸಂಗೀತ ಎಲ್ಲ ಕೇಳುತ್ತೆ. ನೋಡದೇ ಇದ್ದದ್ದನ್ನು ಮಗು ತಾನೇ ಕಲ್ಪಿಸಿಕೊಳ್ಳುತ್ತೆ. ಅವನು ಎಷ್ಟೋ ದಿನ ನಮ್ಮ ನಾಯಿಯ ಹತ್ತಿರ ಹೋಗಲಿಲ್ಲ. ಡ್ರಾಗನ್ ಯಾಕೆ ಹಾಗೆ ಮಾಡಿತು, ಆಮೇಲೆ ಹುಡುಗ ಅದನ್ನು ಹೇಗೆ ಕ್ಷಮಿಸಿದ ಅನ್ನೋದು ಅವನ ತಲೆಗೆ ಹೋಗಿರಲೇ ಇಲ್ಲ. ಆಮೇಲೆ ಮನೆಯಲ್ಲಿ, ದೀಪ ಹಾಕಿಕೊಂಡು, ನಿಲ್ಲಿಸಿ ನಿಲ್ಲಿಸಿ ಆ ಭಾಗ ಮತ್ತೆ ನೋಡಿದೆವು. ಆಗ ಸರಿಹೋಯಿತು.

ಹಾಗಾಗಿ ನನ್ನ ಸಲಹೆ: ಎರಡನೇ ಭಾಗ ಅಂದರೆ ಮೊದಲನೆಯದರ ಹಾಗೇ ಇರುತ್ತೆ ಅಂತ ನಂಬಬೇಡಿ. ಮೊದಲ ಭಾಗ ನೋಡಿದ ಮಕ್ಕಳು ದೊಡ್ಡವರಾಗಿರುತ್ತಾರೆ ಅಂತ ಕಥೆಯನ್ನೂ ಸ್ವಲ್ಪ ದೊಡ್ಡದು ಮಾಡುತ್ತಾರೆ. ಆದರೆ ಮನೆಯಲ್ಲಿ ಮೊದಲ ಭಾಗವನ್ನು ಮೊನ್ನೆ ನೋಡಿದ ಪುಟ್ಟ ಮಗುವೂ ಇರುತ್ತಲ್ಲ. ಹೋಗುವ ಮೊದಲು ನೀವು ಕಥೆ ತಿಳಿದುಕೊಂಡಿರಿ. ಒಳಗೆ ಕೂತಾಗ ಕಣ್ಣು ಮುಚ್ಚಬೇಡಿ, ಕೈ ಹಿಡಿದುಕೊಳ್ಳಿ. ಅವಳು ನಿಮ್ಮ ಮುಖ ನೋಡಿದಾಗ ನೀವೂ ಅವಳನ್ನು ನೋಡಿ, ತಲೆ ಆಡಿಸಿ. ಸಾಕು.

ಮತ್ತೆ ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. 3ಡಿ ಬಿಟ್ಟೆ. ನಮ್ಮ ಮನೆಯವರೂ ಬರುತ್ತಾರೆ, ಹಾಗಾಗಿ ಒಬ್ಬರು ಹೊರಗೆ ಬಂದರೂ ದೊಡ್ಡವಳು ಪೂರ್ತಿ ನೋಡಬಹುದು. ಉಳಿದದ್ದು ಒಂದೇ ಪ್ರಶ್ನೆ. ಮೊದಲ ಭಾಗ ಚಿಕ್ಕವಳಿಗೆ ಮತ್ತೆ ತೋರಿಸಬೇಕಾ? ಅವಳು ಎದ್ದು ಓಡುತ್ತಾಳೆ, ಒತ್ತಾಯ ಮಾಡೋಕೆ ಮನಸ್ಸಿಲ್ಲ.

ಉತ್ತರ: ಒಬ್ಬ ತಾತ

ಅಮ್ಮಾ, ನೀವು ಬರೆದದ್ದನ್ನು ಓದಿದಾಗಿನಿಂದ ಒಂದು ಮಾತು ತಲೆಯಲ್ಲಿ ತಿರುಗುತ್ತಿದೆ. ಆ ಮಗು ಪ್ರತಿ ಸಲ ಬೆಂಕಿ ರಾಕ್ಷಸಿ ಬಂದಾಗ ಎದ್ದು ಹೋಗ್ತಾಳೆ ಅಂದಿರಿ. ಅಂದರೆ ಅವಳು ಕೊನೆಯನ್ನು ನೋಡಿಯೇ ಇಲ್ಲ ಅಲ್ವಾ? ಆ ರಾಕ್ಷಸಿ ರಾಕ್ಷಸಿಯೇ ಅಲ್ಲ. ಅವಳು ಟೆಫಿಟಿ, ಹಸಿರು ಕೊಡುವ ದೇವತೆ. ಹೃದಯ ಕದ್ದುಕೊಂಡು ಹೋದದ್ದಕ್ಕೆ ಹಾಗಾಗಿದ್ದಾಳೆ. ಮೋವಾನಾ ಹೃದಯ ವಾಪಸ್ ಇಟ್ಟ ಮೇಲೆ ಮೈಯಲ್ಲೆಲ್ಲ ಹೂವು ಅರಳುತ್ತೆ. ಇದು ಗೊತ್ತಿಲ್ಲದ ಮಗುವಿಗೆ ಆ ರಾಕ್ಷಸಿ ಇನ್ನೂ ಹೊರಗೆಲ್ಲೋ ಇದ್ದಾಳೆ. ಎರಡನೇ ಭಾಗಕ್ಕೆ ಹೋದರೂ ಅವಳು ಯಾವಾಗ ಬರ್ತಾಳೋ ಅಂತ ಕಾಯ್ತಾ ಕೂರುತ್ತೆ.

ಟಿವಿ ಹಾಕಬೇಡಿ. ದೊಡ್ಡವಳ ಕೈಲಿ ಕಥೆ ಹೇಳಿಸಿ. ನಾನು ಮೊಮ್ಮಗನ ಜೊತೆ ಆ ಇನ್‌ಕ್ರೆಡಿಬಲ್ಸ್ ಎರಡನೆಯದಕ್ಕೆ ಹೋಗಿದ್ದೆ. ಮೊದಲನೆಯದು 2004ರದ್ದು, ನಾನು ನೋಡಿರಲಿಲ್ಲ. ಹದಿನಾಲ್ಕು ವರ್ಷ ಆದಮೇಲೆ ಬಂದರೂ ಎರಡನೆಯದು ಮೊದಲನೆಯದು ನಿಂತ ಜಾಗದಿಂದಲೇ ಶುರುವಾಗುತ್ತೆ. ಮೊಮ್ಮಗ ದಾರಿಯುದ್ದಕ್ಕೂ ನನಗೆ ಕಥೆ ಹೇಳಿದ. ಯಾರಿಗೆ ಯಾವ ಶಕ್ತಿ, ಯಾರು ಯಾರ ಮೇಲೆ ಮುನಿಸಿಕೊಂಡಿದ್ದಾರೆ, ಎಲ್ಲ. ನನಗೆ ಒಂದು ದೃಶ್ಯವೂ ತಪ್ಪಲಿಲ್ಲ. ಅವನಿಗಂತೂ ತಾತನಿಗೆ ತಾನೇ ಕಲಿಸಿದ ಹೆಮ್ಮೆ. ನಿಮ್ಮ ದೊಡ್ಡವಳಿಗೂ ಆ ಕೆಲಸ ಕೊಟ್ಟು ನೋಡಿ.

ಹೋಗಿ ಬಂದ ಮೇಲೆ, ಕೇಳಿದವರು

ನಿನ್ನೆ ಹೋಗಿ ಬಂದೆವು. ಬರೀತೀನಿ ಅಂತ ಮಾತು ಕೊಟ್ಟಿರಲಿಲ್ಲ, ಆದರೆ ಇಷ್ಟು ಜನ ಕೂತು ಬರೆದಿದ್ದೀರಿ, ಹೇಳದಿದ್ದರೆ ಮನಸ್ಸು ಒಪ್ಪಲ್ಲ.

ತಾತ ಹೇಳಿದ್ದನ್ನು ಮೊದಲು ಮಾಡಿದೆ. ಶುಕ್ರವಾರ ರಾತ್ರಿ ದೊಡ್ಡವಳು ತಂಗಿಯನ್ನು ಕೂರಿಸಿಕೊಂಡು ಕಥೆ ಹೇಳಿದಳು. ಬಾಗಿಲ ಆಚೆ ನಿಂತು ಕೇಳಿಸಿಕೊಂಡೆ. 'ಅವಳಿಗೆ ಎದೆ ಖಾಲಿ ಆಗಿತ್ತು ಕಣೇ, ಅದಕ್ಕೇ ಕಿರುಚ್ತಾಳೆ' ಅಂದಳು. ಚಿಕ್ಕವಳು ಸ್ವಲ್ಪ ಹೊತ್ತು ಸುಮ್ಮನಿದ್ದು 'ನೋವಾಗ್ತಿತ್ತಾ?' ಅಂತ ಕೇಳಿದಳು. ಶನಿವಾರ ತಾನೇ ಬಂದು ಕೊನೆಯ ಭಾಗ ಹಾಕು ಅಂದಳು. ಅಕ್ಕನ ಕೈ ಬಿಡಲಿಲ್ಲ, ಆದರೆ ಅಡುಗೆಮನೆಗೆ ಬರಲಿಲ್ಲ.

ಥಿಯೇಟರ್‌ನಲ್ಲಿ ಮಧ್ಯದ ಗುಂಪಿನ ದಾರಿ ಪಕ್ಕದ ಸೀಟು. ಬೆಳಗಿನ ಶೋ, ಜನ ಕಡಿಮೆ. ದೀಪ ಆರಿದಾಗ ನನ್ನ ತೋಳು ಹಿಡಿದುಕೊಂಡಳು. ಇಯರ್‌ಮಫ್ ಹಾಕಿಕೊಂಡಿದ್ದಳು, ಅದು ನಿಜಕ್ಕೂ ಕಾಪಾಡಿತು. ಮೊದಲ ಬಿರುಗಾಳಿಯಲ್ಲಿ ಒಂದು ಸಲ ಅವರಪ್ಪನ ಜೊತೆ ಹೊರಗೆ ಹೋಗಿ ನೀರು ಕುಡಿದು ಬಂದಳು. ತಾನೇ 'ಒಳಗೆ ಹೋಗೋಣ' ಅಂದಳಂತೆ. ಬಾವಲಿಗಳ ಮಾತಂಗಿ ಬಂದಾಗ ಅಕ್ಕನ ಕಡೆ ವಾಲಿ, ಸಣ್ಣ ದನಿಯಲ್ಲಿ, 'ಇವಳ ಹೃದಯಾನೂ ಯಾರಾದರೂ ಕದ್ದಿದ್ದಾರಾ?' ಅಂತ ಕೇಳಿದಳು. ಮುಂದಿನ ಸಾಲಿನವರು ತಿರುಗಿ ನೋಡಿ ನಕ್ಕರು.

ಮೋವಾನಾ ನೀರಿನಡಿ ಹೋದಾಗ ಅವಳು ನನ್ನ ಮುಖ ನೋಡಿದಳು. ಒಬ್ಬರು ಬರೆದಿದ್ದರಲ್ಲ, ಸರಿಯಾಗಿ ಹಾಗೇ. ನಾನೂ ನೋಡಿದೆ, ತಲೆ ಆಡಿಸಿದೆ. ಅವಳು ಪರದೆ ಕಡೆ ತಿರುಗಿದಳು. ಅಳು ಬಂದದ್ದು ದೊಡ್ಡವಳಿಗೆ. ತಂಗಿ ತನ್ನ ಇಯರ್‌ಮಫ್ ತೆಗೆದು ಅಕ್ಕನ ಕಿವಿಗೆ ಇಡೋಕೆ ಹೋದಳು.

ಇವತ್ತು ಬೆಳಗಿನಿಂದ ಮನೆಯ ಮಂಚವೇ ದೋಣಿ. ದೊಡ್ಡವಳು ಮೋವಾನಾ. ಚಿಕ್ಕವಳು ಸಿಮೇಯಾ ಆಗಲ್ಲವಂತೆ, ದಡದಲ್ಲಿ ಉಳಿಯಬೇಕಲ್ಲ. ಅದಕ್ಕೆ ಪುವಾ ಆಗಿದ್ದಾಳೆ.